ಎರಡೇ ಮೆಟ್ಟಿಲು ಮೇಡಂ!

ನನ್ನ ಯಜಮಾನರು ವೀಲ್‌ಚೇರ್ ಬಳಸುತ್ತಾರೆ. ಪುಣೆಯಿಂದ ಮಲೆನಾಡಿಗೆ ಹೊರಡುವ ಮುನ್ನ ಹೋಂಸ್ಟೇಗಳಿಗೆ ಫೋನ್ ಮಾಡಿದರೆ, “ಎರಡೇ ಮೆಟ್ಟಿಲು ಮೇಡಂ, ನಮ್ಮ ಹುಡುಗರು ಎತ್ಕೊಂಡು ಬರ್ತಾರೆ” ಎನ್ನುತ್ತಾರೆ. ಪ್ರೀತಿಯ ಮಾತೇ. ಆದರೆ ಮಳೆ ನೋಡಲು ಜಗಲಿಗೆ ಬರಬೇಕೆನಿಸಿದಾಗಲೆಲ್ಲ ಯಾರನ್ನೋ ಕೂಗಬೇಕಾದರೆ ಅದೆಂಥ ರಜೆ?

ಬೇಕಿರುವುದು ಸರಿಯಾದ ಅಳತೆ. ಒಂದಡಿ ಎತ್ತರದ ಜಗಲಿಗೆ 12 ಅಡಿ ಉದ್ದದ ರ‍್ಯಾಂಪ್. ಬಾಗಿಲು ತೆರೆದಾಗ 36 ಇಂಚು ದಾರಿ. ಬಚ್ಚಲಲ್ಲಿ ವೀಲ್‌ಚೇರ್ ತಿರುಗಲು 5 ಅಡಿ ಜಾಗ, ಕಮೋಡಿನ ಪಕ್ಕ ಗಟ್ಟಿ ಹಿಡಿಕೆ. ಮಂಚ ಕುರ್ಚಿಯಷ್ಟೇ ಎತ್ತರ. ಮಲೆನಾಡಿನ ಮಳೆಗೆ ಪಾಚಿ ಕಟ್ಟುತ್ತದೆ. ರ‍್ಯಾಂಪಿಗೆ ನುಣುಪು ಟೈಲ್ಸ್ ಬೇಡ, ಒರಟು ಸಿಮೆಂಟ್ ಇರಲಿ. ಅಂಗಳಕ್ಕೆ ಜಲ್ಲಿ ಸುರಿದರೆ ಚಕ್ರ ಹೂತುಹೋಗುತ್ತದೆ.

ಊರಿನ ತೋಟದಲ್ಲಿ ಕಾಟೇಜ್ ಕಟ್ಟಿಸುವ ಆಸೆ ನಮ್ಮಲ್ಲಿ ಅನೇಕರಿಗಿದೆ. ನಕ್ಷೆ ಬರೆಸುವಾಗಲೇ ಇಷ್ಟನ್ನು ಸೇರಿಸಿ. ಕಟ್ಟಿದ ಮೇಲೆ ಬಚ್ಚಲು ಒಡೆಸುವುದು ದುಬಾರಿ. ಮಂಡಿನೋವಿನ ಅಜ್ಜಿಗೂ ಅದೇ ರ‍್ಯಾಂಪ್ ಆಸರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೂಡ ಜನರಿಗೆ ಸೇವೆ ಕೊಡುವ ಖಾಸಗಿಯವರನ್ನು ಬಿಟ್ಟಿಲ್ಲ.

ರೂಮ್ ಬುಕ್ ಮಾಡುವವರು “ವೀಲ್‌ಚೇರ್‌ಗೆ ಅನುಕೂಲ ಇದೆಯಾ?” ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಬಚ್ಚಲ ಬಾಗಿಲು ಎಷ್ಟು ಇಂಚು ಎಂದು ಕೇಳಿ.