ಒಂದೇ ಟ್ಯೂಬ್‌ಲೈಟ್, ಎರಡು ಪಾಠ: ಹೊಸ ವಿದ್ಯಾರ್ಥಿಗಳಿಗೆ ಪ್ಲಾಸ್ಮಾ, ಕ್ವಾಂಟಮ್ ಪರಿಚಯ

ಪುಣೆ: ಸ್ವಾರಗೇಟ ಸುತ್ತಮುತ್ತಲ ಅಂಗಡಿಗಳಲ್ಲಿ ಹಳೆಯ ಟ್ಯೂಬ್‌ಲೈಟ್ ಕಂಡರೆ ಭೌತಶಾಸ್ತ್ರದ ಹೊಸ ವಿದ್ಯಾರ್ಥಿಗಳು ಒಮ್ಮೆ ನಿಂತು ನೋಡಬೇಕು. ಪ್ಲಾಸ್ಮಾ, ಕ್ವಾಂಟಮ್ ಎರಡೂ ಪಾಠ ಅದರಲ್ಲಿವೆ.

ವಿದ್ಯುತ್ ಹರಿದಾಗ ಕೊಳವೆಯೊಳಗಿನ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಬೇರ್ಪಡುತ್ತವೆ. ಬಿಡಿ ಎಲೆಕ್ಟ್ರಾನ್ ಮತ್ತು ಅಯಾನುಗಳಿರುವ ಇಂಥ ಅನಿಲವೇ ಪ್ಲಾಸ್ಮಾ. ಈ ಎಲೆಕ್ಟ್ರಾನ್‌ಗಳು ಪಾದರಸದ ಪರಮಾಣುಗಳಿಗೆ ಡಿಕ್ಕಿ ಹೊಡೆದು ಶಕ್ತಿ ಕೊಡುತ್ತವೆ. ಪರಮಾಣು ಅದನ್ನು ಮನಬಂದಷ್ಟು ಬಿಡುವುದಿಲ್ಲ. ನಿಗದಿತ ಮೆಟ್ಟಿಲು ಇಳಿದು, ಮುಖ್ಯವಾಗಿ 254 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಕಿರಣವಾಗಿ ಬಿಡುತ್ತದೆ. ಇದೇ ಕ್ವಾಂಟಮ್ ನಿಯಮ. ಗಾಜಿನ ಒಳಮೈಗೆ ಬಳಿದ ಲೇಪ ಆ ಕಿರಣವನ್ನು ಬಿಳಿ ಬೆಳಕಾಗಿಸುತ್ತದೆ.

ಇವೆರಡನ್ನೂ ಬೆಸೆದು, ನಕ್ಷತ್ರದ ಬೆಳಕಿನಿಂದಲೇ ಅದರ ಉಷ್ಣಾಂಶ ತಿಳಿಯುವ ಸಮೀಕರಣವನ್ನು 1920ರಲ್ಲಿ ಕೊಟ್ಟವರು ಮೇಘನಾದ ಸಾಹಾ. ಎರಡನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದವರಿಗೆ ಈ ನಂಟು ಕಾಣುವುದಿಲ್ಲ.