ಹೂ ಬಿಡುವ ತಿಂಗಳು ಬಲ್ಲವರು

ಮನೆ ಕಟ್ಟಿಸುವಾಗ ಎಂಜಿನಿಯರ್, ಮೇಸ್ತ್ರಿ, ಬಡಗಿ ಎಲ್ಲರನ್ನೂ ನಾಲ್ಕು ಕಡೆ ವಿಚಾರಿಸಿ ಗೊತ್ತು ಮಾಡುತ್ತೇವೆ. ಮನೆಯ ಮುಂದಿನ ಜಾಗ ಮಾತ್ರ ಕೊನೆಯವರೆಗೂ ಲೆಕ್ಕಕ್ಕೆ ಬರುವುದಿಲ್ಲ. ಗೃಹಪ್ರವೇಶಕ್ಕೆ ವಾರವಿರುವಾಗ ನರ್ಸರಿಯಿಂದ ಒಂದಷ್ಟು ಕುಂಡ, ಒಂದಿಷ್ಟು ಹುಲ್ಲುಹಾಸು ತಂದರೆ ತೋಟವಾಯಿತು. ತೋಟಕ್ಕೆಂದೇ ವಿನ್ಯಾಸಕರನ್ನು ನೇಮಿಸುವುದು ಶ್ರೀಮಂತರ ಷೋಕಿ ಎಂಬ ಭಾವನೆಯೂ ಇದೆ. ಆದರೆ ಬೆಂಗಳೂರಿನ ಹಳೆಯ ರಸ್ತೆಗಳ ನೆರಳಿನಲ್ಲಿ ನಡೆದವರೆಲ್ಲ ಅಂಥದೊಂದು ನೇಮಕದ ಫಲ ಉಂಡವರೇ.

ಆ ನೇಮಕ ನಡೆದದ್ದು 1908ರಲ್ಲಿ. ನೇಮಕಗೊಂಡವರು ಗುಸ್ತಾವ್ ಹರ್ಮನ್ ಕ್ರುಂಬಿಗೆಲ್. 1865ರಲ್ಲಿ ಜರ್ಮನಿಯ ಡ್ರೆಸ್ಡನ್ ಸಮೀಪ ಹುಟ್ಟಿದ ಅವರು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿಯೂ ಕ್ಯೂ ಸಸ್ಯೋದ್ಯಾನದಲ್ಲಿಯೂ ದುಡಿದವರು. 1893ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಅವರನ್ನು ಭಾರತಕ್ಕೆ ಕರೆಸಿದರು. ಅಲ್ಲಿನ ಕೆಲಸದ ಹೆಸರು ಮೈಸೂರಿಗೂ ಮುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಲಾಲ್‌ಬಾಗ್‌ನ ಹೊಣೆ ಜಾನ್ ಕ್ಯಾಮರಾನ್ ಅವರಿಂದ ಕ್ರುಂಬಿಗೆಲ್ ಕೈಗೆ ಬಂತು. 1932ರಲ್ಲಿ ನಿವೃತ್ತರಾದ ಮೇಲೂ ಅವರು ಬೆಂಗಳೂರು ಬಿಡಲಿಲ್ಲ. ಯುದ್ಧಕಾಲದಲ್ಲಿ ಜರ್ಮನ್ ಎಂಬ ಕಾರಣಕ್ಕೆ ಬ್ರಿಟಿಷರ ಬಂಧನವನ್ನೂ ಕಂಡರು. 1956ರಲ್ಲಿ ಇಲ್ಲಿಯೇ ಮಣ್ಣಾದರು. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರ ಹೆಸರಿದೆ.

ಅವರಿಗೆ ಮಹಾರಾಜರು ಸಂಬಳ ಕೊಟ್ಟದ್ದು ಯಾವುದಕ್ಕೆ? ಗುಂಡಿ ತೋಡಿ ನೀರು ಹಾಯಿಸುವ ಮಾಲಿಗಳು ಇಲ್ಲಿ ಹಿಂದಿನಿಂದಲೂ ಇದ್ದರು. ಕ್ರುಂಬಿಗೆಲ್ ತಂದದ್ದು ಕಾಲದ ಲೆಕ್ಕಾಚಾರ. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು. ವರ್ಷದ ಯಾವ ತಿಂಗಳೂ ಊರು ಬೋಳಾಗಿ ಕಾಣಬಾರದು. ಇದೇ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಸರಣಿ ಹೂಬಿಡುವಿಕೆಯ ಕಲ್ಪನೆ. ಫೆಬ್ರುವರಿ-ಮಾರ್ಚ್‌ನಲ್ಲಿ ದಕ್ಷಿಣ ಅಮೆರಿಕ ಮೂಲದ ಜಕರಂದ ನೇರಳೆಯಾಗುತ್ತದೆ. ಏಪ್ರಿಲ್-ಮೇ ಬಂತೆಂದರೆ ಮಡಗಾಸ್ಕರಿನ ಗುಲ್‌ಮೊಹರ್ ಕೆಂಪಾಗಿ, ನಮ್ಮದೇ ಕಕ್ಕೆ ಹಳದಿ ಗೊಂಚಲು ಇಳಿಬಿಡುತ್ತದೆ. ಮಳೆಗಾಲ ಕಳೆಯುತ್ತಿದ್ದಂತೆ ಆಕಾಶಮಲ್ಲಿಗೆಯ ಬಿಳಿ ಹೂ ನೆಲಕ್ಕೆ ಹಾಸುತ್ತದೆ. ಇಂಥ ಸಾಲಿನಲ್ಲಿ ಒಂದು ಜಾತಿಯನ್ನು ರಸ್ತೆ ಅಗಲಿಸಲು ಕಡಿದರೆ ಹೋಗುವುದು ನೆರಳಷ್ಟೇ ಅಲ್ಲ, ವರ್ಷದ ಒಂದು ತಿಂಗಳಿನ ಬಣ್ಣವೂ ಹೋಗುತ್ತದೆ.

ಇಳಿಜಾರು ಮತ್ತು ನೀರಿನ ಅರಿವು ಈ ವೃತ್ತಿಯ ಇನ್ನೊಂದು ಮುಖ. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಕೃಷ್ಣರಾಜಸಾಗರದ ಕೆಳಗೆ ಎದ್ದ ಬೃಂದಾವನದ ವಿನ್ಯಾಸದಲ್ಲಿ ಕ್ರುಂಬಿಗೆಲ್ ಕೈವಾಡವಿದೆ. ಅಲ್ಲಿ ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ನೀರು ಅದೇ ದಾರಿಯಲ್ಲಿ ಹರಿಯುವಂತೆ ಮಾಡಲಾಗಿದೆ. ಮೊದಲು ನೆಲ, ಆಮೇಲೆ ನೀರು, ಕೊನೆಗೆ ಗಿಡ ಎಂಬ ಕ್ರಮ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಮೂವತ್ತು-ನಲವತ್ತರ ಸೈಟಿಗೂ ಇದೇ ಕ್ರಮ ಸಲ್ಲುತ್ತದೆ. ಕೊಡೆಯಂತೆ ಹರಡುವ ಮಳೆಮರವನ್ನು ಅಂಥ ಜಾಗದಲ್ಲಿ ನೆಟ್ಟರೆ ಮುಂದೆ ಕೊಡಲಿಯೇ ಗತಿ. ಹುಲ್ಲುಹಾಸು ಚಂದ, ಆದರೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕುಡಿಯುತ್ತದೆ. ಆದ್ದರಿಂದ ವಿನ್ಯಾಸಕರು ಬಂದಾಗ ಬಣ್ಣದ ಚಿತ್ರಗಳ ಆಲ್ಬಂ ನೋಡುವ ಮೊದಲು ಕೆಲವು ಪ್ರಶ್ನೆ ಕೇಳಬೇಕು. ಈ ಗಿಡ ಹತ್ತು ವರ್ಷದಲ್ಲಿ ಎಷ್ಟು ಅಗಲವಾಗುತ್ತದೆ? ಬೇರು ಗೋಡೆಗೆ, ಸಂಪಿಗೆ ಬರುತ್ತದೆಯೇ? ಮಳೆನೀರು ಎಲ್ಲಿ ನಿಲ್ಲುತ್ತದೆ? ಯಾವ ತಿಂಗಳು ಏನು ಹೂ? ನೀವು ಹೋದ ಮೇಲೆ ನಾವು ಮಾಡಬೇಕಾದ ಕೆಲಸವೇನು?

ಇವಕ್ಕೆ ತಡವರಿಸದೆ ಉತ್ತರ ಕೊಡುವವರು ಸಿಕ್ಕರೆ ಅವರು ಕೇಳುವ ಸಂಭಾವನೆ ದುಬಾರಿಯಲ್ಲ. ಆಲ್ಬಂ ಮಾತ್ರ ತೋರಿಸುವವರಿಗಿಂತ ಬಡಾವಣೆಯ ಹಳೆಯ ಮಾಲಿಯೇ ವಾಸಿ.