ಮಾವನ ತಾಮ್ರದ ತಂತಿ, ಹೇಮಾವತಿಯ ಮೀನು

ಕಳೆದ ಬೇಸಿಗೆಯಲ್ಲಿ ಬೆಂಗಳೂರಿಂದ ಚನ್ನರಾಯಪಟ್ಟಣಕ್ಕೆ ಹೋದಾಗ ನನ್ನ ಬ್ಯಾಗಲ್ಲಿ ಒಂದು ಡಬ್ಬಿ ಸಣ್ಣ ಕೊಕ್ಕೆ, ನಾಲ್ಕು ನಾಟಿ ಕೋಳಿ ಗರಿ ಇದ್ದವು. ಸೋದರಮಾವ ಜಗಲಿ ಮೇಲೆ ಸುಮ್ನೆ ಕೂತಿದ್ರು. ಮೂವತ್ತು ವರ್ಷ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡಿದ ಕೈ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ತಂತಿ ಮುಟ್ಟಿರಲಿಲ್ಲ, ಮಾತೂ ಕಡಿಮೆಯಾಗಿತ್ತು.

"ಮಾವ, ಹಳೇ ತಾಮ್ರದ ತಂತಿ ಇದೆಯಾ?"

"ಯಾಕ್ಲಾ?"

"ಮೀನಿಗೆ ತೋರ್ಸೋ ಹುಳ ಕಟ್ಟೋಕೆ."

ನಿಂಫ್ ಅಂದರೆ ಹಾರುವ ಹುಳದ ಮರಿ. ರೆಕ್ಕೆ ಬರುವವರೆಗೂ ಅದು ಹೊಳೆಯ ತಳದ ಕಲ್ಲುಗಳ ನಡುವೆ ಬದುಕುತ್ತೆ. ಮೀನಿಗೆ ಬಹುಪಾಲು ಊಟ ಸಿಗೋದೂ ನೀರೊಳಗೇ. ಹಾಗಾಗಿ ನಾವು ಕಟ್ಟುವ ಹುಳ, ನೀರಿನ ಸೆಳೆತ ಎಳೆದೊಯ್ಯುವ ಮುಂಚೆ ತಳ ಸೇರಬೇಕು. ಇದು ಟ್ರೌಟ್ ಹಿಡಿಯುವವರ ವಿದ್ಯೆ. ಟ್ರೌಟ್ ತಣ್ಣೀರಿನ ಮೀನು, ನಮ್ಮ ಹಾಸನದಲ್ಲಿಲ್ಲ. ನೀಲಗಿರಿಯ ಅವಲಾಂಚಿಗೆ ಹೋಗಬೇಕು. ಇಂಗ್ಲೆಂಡಿನ ಫ್ರಾಂಕ್ ಸಾಯರ್ ಎಂಬ ನದಿ ಕಾವಲುಗಾರ ದಾರವನ್ನೇ ಬಿಟ್ಟು, ಫೆಸೆಂಟ್ ಹಕ್ಕಿಯ ಬಾಲದ ಗರಿ ಮತ್ತು ತಾಮ್ರದ ತಂತಿಯಲ್ಲಿ ನಿಂಫ್ ಕಟ್ಟಿದ. 1958ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಈಗಿನವರು ಟಂಗ್‌ಸ್ಟನ್ ಮಣಿ ಹಾಕ್ತಾರೆ. ಅದು ನೀರಿಗಿಂತ 19 ಪಟ್ಟು ಭಾರ, ತಾಮ್ರ ಸುಮಾರು 9 ಪಟ್ಟು.

ನಾನು ಉಣ್ಣೆ ಸುತ್ತಿ ದಪ್ಪಗೆ ಒಂದು ಕಟ್ಟಿದೆ. ಮಾವ ಬೆರಳಲ್ಲಿ ಸವರಿ ನೋಡಿದ್ರು. "ಸುತ್ತಿನ ಮಧ್ಯೆ ಸಂದು ಬಿಟ್ಟಿದೀಯ. ಮೋಟಾರಾಗಿದ್ರೆ ಸುಟ್ಟೋಗಿರೋದು ಕಣ್ಲಾ."

"ಕಣ್ಣು ಕಾಣಲ್ವಲ್ಲ ಮಾವ?"

"ಕಣ್ಯಾಕೆ? ಉಗುರಿಗೆ ಗೊತ್ತಾಗುತ್ತೆ."

ಅವರೇ ಕಟ್ಟಿದ್ರು. ಕೊಕ್ಕೆಯ ಮೇಲೆ ಒತ್ತಾಗಿ ತಂತಿ, ಕಣ್ಣಿನ ಹತ್ತಿರ ಸಣ್ಣ ಗುಬ್ಬು. ಗರಿಯ ನಾಲ್ಕು ಎಳೆಯನ್ನು ತಂತಿಗೆ ಹೊಸೆದು ಬಾಲದಿಂದ ಮುಂದಕ್ಕೆ ಸುತ್ತು, ಕೊನೆಗೆ ಗುಬ್ಬಿನ ಮೇಲೆ ಮಡಚಿ ಬಿಗಿ. ಎರಡನ್ನೂ ನೀರಿನ ಲೋಟಕ್ಕೆ ಬಿಟ್ಟೆವು. ನನ್ನದು ಮೇಲೇ ತೇಲಾಡ್ತಿತ್ತು. ಅವರದು ನೆಟ್ಟಗೆ ತಳಕ್ಕೆ! ಭಾರ ಒಂದೇ ಸಾಲದು, ಮೈ ತೆಳ್ಳಗೂ ಇರಬೇಕು. ಮಾವ ಎಷ್ಟೋ ದಿನಗಳ ಮೇಲೆ ನಕ್ಕರು.

ಮರುದಿನ ಹೊಳೆನರಸೀಪುರ. ಹೇಮಾವತಿಯಲ್ಲಿ ಮೊಣಕಾಲುದ್ದ ನೀರು. ಸೆಳೆತದ ಮೇಲ್ಗಡೆಗೆ ಎಸೆದು, ಎಳೆಯದೆ, ಹುಳ ತಾನಾಗೇ ಹರಿದು ಬರಲು ಬಿಡಬೇಕು. ದಾರ ಒಂಚೂರು ನಿಂತರೂ ತಕ್ಷಣ ಎತ್ತಬೇಕು. ದಡದಲ್ಲಿ ಕೂತ ಮಾವ ಒಂದು ಬೆರಳಲ್ಲಿ ದಾರ ಹಿಡ್ಕೊಂಡಿದ್ರು. "ಎತ್ಲಾ!" ಅಂದ್ರು. ನನಗೆ ಏನೂ ಕಂಡಿರಲಿಲ್ಲ. ಎತ್ತಿದರೆ ಅಂಗೈಯಗಲದ ಜಿಲೇಬಿ ಮೀನು!

ಸಂಜೆ ಅರಕಲಗೂಡು ದಾರಿಯಲ್ಲಿ ರಾಮನಾಥಪುರಕ್ಕೆ ಹೋದೆವು. ಕಾವೇರಿಯ ವಹ್ನಿಪುಷ್ಕರಣಿಯಲ್ಲಿ ಮೀನು ದೇವರದು, ಹಿಡಿಯೋ ಹಾಗಿಲ್ಲ. ಕೋಲು ಕಾರಲ್ಲೇ ಬಿಟ್ಟು ಪುರಿ ಹಾಕಿದೆವು. ಕಾವೇರಿ ಕೊಳ್ಳದ ದೊಡ್ಡ ಮಹಶೀರ್ 2018ರಿಂದ ಐಯುಸಿಎನ್‌ನ ತೀವ್ರ ಅಪಾಯದ ಪಟ್ಟಿಯಲ್ಲಿದೆ. ನೀವೂ ಹೊಳೆಗಿಳಿಯುವ ಮುಂಚೆ ಅಲ್ಲಿ ಮೀನು ಹಿಡಿಯಬಹುದಾ ಅಂತ ಕೇಳಿಕೊಳ್ಳಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ. ಬೇಡದ ಮೀನನ್ನು ಹೆಚ್ಚು ಗಾಯವಾಗದಂತೆ ವಾಪಸ್ ಬಿಡಬಹುದು.

ಮೊನ್ನೆ ಅತ್ತೆ ಫೋನ್ ಮಾಡಿದ್ರು. "ನಿಮ್ಮಾವ ಅಂಗಡಿ ಬೀಗ ತೆಗೆಸಿ ತಂತಿ ಹುಡುಕ್ತಾ ಕೂತವ್ರೆ." ಹಿಂದಿನಿಂದ ಮಾವನ ದನಿ: "ಕೊಕ್ಕೆ ಜಾಸ್ತಿ ತರೋಕ್ ಹೇಳು!"